ದೀಪ ಹಚ್ಚಿದ ಮೇಲೂ ಗುಡಿಸಬಹುದಾದ ಯಂತ್ರ

ಸೋಫಾದ ಕೆಳಗೆ ಸೇರಿಕೊಂಡಿದ್ದ ಮಂತ್ರಾಕ್ಷತೆಯನ್ನು ವ್ಯಾಕ್ಯೂಮ್ ಕ್ಲೀನರಿನ ಮೂತಿಯಿಂದ ಹೊರಗೆಳೆಯುತ್ತಿದ್ದೆ. ಹಿಂದಿನ ಶನಿವಾರ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆಯಾಗಿತ್ತು. ಬಂದವರು ನಮಗೆಂದು ಎಸೆದ ಅಕ್ಕಿಯಲ್ಲಿ ಕಾಲು ಭಾಗ ನಮ್ಮ ತಲೆಯ ಮೇಲೆ ಬಿತ್ತು, ಮುಕ್ಕಾಲು ಭಾಗದ ಆಶೀರ್ವಾದ ಕಾರ್ಪೆಟ್ಟಿಗೆ ಸಂದಿತು. ಮಂತ್ರಾಕ್ಷತೆ ಕಾಲಿಗೆ ಸಿಗಬಾರದು ಅಂತ ಶಾಸ್ತ್ರ ಇದೆ. ಯಂತ್ರದ ಬಾಯಿಗೆ ಸಿಗಬಹುದೋ ಇಲ್ಲವೋ ಅಂತ ಎಲ್ಲೂ ಹೇಳಿಲ್ಲ. ಹೇಳಿಲ್ಲ ಅಂದರೆ ಅಡ್ಡಿಯಿಲ್ಲ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಈ ದೇಶದಲ್ಲಿ ಸಂಸಾರ ಮಾಡಬೇಕಾದರೆ ಇಂಥ ಅರ್ಥಗಳನ್ನು ನಾಲ್ಕು ಸಂಪಾದಿಸಿಟ್ಟುಕೊಂಡಿರಬೇಕು.

ಆಗ ಫೋನ್ ಬಂತು. ಆಫೀಸಿನಿಂದ ನಮ್ಮ ಯಜಮಾನರು.

"ಸುಮಾ, ಅಮ್ಮನ ವೀಸಾ ಬಂತು ಕಣೇ! ಈಸ್ಟರ್ ಆದ ಮೇಲೆ ಹೊರಡ್ತಾರೆ."

ಅದೇ ಹೊತ್ತಿಗೆ ವ್ಯಾಕ್ಯೂಮು ಕೀರಲು ದನಿಯಲ್ಲಿ ಒಂದು ಸಲ ಕಿರುಚಿ ನಿಂತುಹೋಯಿತು.

"ಏನದು ಸದ್ದು?"

"ವ್ಯಾಕ್ಯೂಮು. ಸುದ್ದಿ ಕೇಳಿ ಪ್ರಾಣ ಬಿಡ್ತು."

"ತಮಾಷೆ ಸಾಕು. ಅಮ್ಮ ಬರೋ ಹೊತ್ತಿಗೆ ಅದು ಸರಿಯಾಗಿರಬೇಕು. ಹೋದ ಸಲ ಏನಾಯ್ತು ಗೊತ್ತಲ್ಲ?"

ಗೊತ್ತಿಲ್ಲದೆ ಏನು? ನನಗೆ ಗೊತ್ತು, ಮೈಸೂರಿನ ಅರ್ಧ ಊರಿಗೇ ಗೊತ್ತು. ಎರಡು ವರ್ಷದ ಹಿಂದೆ ಆರು ತಿಂಗಳು ಇರುತ್ತೇನೆಂದು ಬಂದ ನಮ್ಮತ್ತೆ ಆರು ವಾರಕ್ಕೆ ವಾಪಸು ಹೊರಟಿದ್ದರು. ಆಕ್ಲೆಂಡಿನ ಫ್ಲ್ಯಾಟ್ ಬುಷ್‌ನ ನಮ್ಮ ಬಾಡಿಗೆ ಮನೆಗೆ ಕಾಲಿಟ್ಟ ಎರಡನೇ ವಾರದಿಂದ ಅವರಿಗೆ ಉಬ್ಬಸ ಶುರುವಾಯಿತು. ಕೂತರೆ ಕುಯ್ಯ್, ನಿಂತರೆ ಕುಯ್ಯ್. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಡಸ್ಟ್" ಅಂತ ಒಂದೇ ಮಾತು ಹೇಳಿದರು. ಅತ್ತೆಗೆ ಬರುವ ಹತ್ತಿಪ್ಪತ್ತು ಇಂಗ್ಲಿಷ್ ಪದಗಳಲ್ಲಿ ಅದೂ ಒಂದಾಗಿತ್ತು, ನನ್ನ ಗ್ರಹಚಾರ. ಊರಿಗೆ ಹೋಗಿ ಅವರು ನನ್ನನ್ನು ದೂರಲಿಲ್ಲ. ಆ ಮಟ್ಟಿಗೆ ದೊಡ್ಡ ಮನುಷ್ಯೆ. "ಮನೆ ಪೂರ್ತಿ ನೆಲಕ್ಕೆ ಕಂಬಳಿ ಹೊದಿಸಿಬಿಟ್ಟಿದಾರೆ, ಸುಮಾ ಪಾಪ ಎಷ್ಟು ಅಂತ ಗುಡಿಸ್ತಾಳೆ?" ಎಂದರಂತೆ, ಅಷ್ಟೆ. ಆ "ಪಾಪ" ಅನ್ನುವ ಪದ ವಿಜಯನಗರದಲ್ಲಿರುವ ಅವರ ತಂಗಿಯ ಮನೆ ದಾಟಿ, ಕುವೆಂಪು ನಗರದ ನಾದಿನಿಯ ಮನೆ ತಲುಪುವ ಹೊತ್ತಿಗೆ "ಸುಮಾ ಮನೆ ಗುಡಿಸೋದೇ ಇಲ್ಲವಂತೆ" ಅಂತ ಆಗಿತ್ತು. ಮದುವೆ ಮುಂಜಿಗೆ ಊರಿಗೆ ಹೋದಾಗ ಜನ ನನ್ನ ಸೀರೆ ನೋಡುವ ಬದಲು ಹಿಮ್ಮಡಿ ನೋಡುತ್ತಿದ್ದರು, ಧೂಳಿದೆಯೋ ಹೇಗೆ ಅಂತ.

ನೋಡಿ, ನಾನು ನಂಜನಗೂಡಿನವಳು. ನಮ್ಮ ತವರಿನಲ್ಲಿ ಕೆಂಪು ಗಾರೆಯ ನೆಲ. ಬೆಳಿಗ್ಗೆ ಹುಲ್ಲುಪೊರಕೆಯಲ್ಲಿ ಗುಡಿಸಿ ಒದ್ದೆಬಟ್ಟೆಯಲ್ಲಿ ಒರೆಸಿದರೆ ಮುಖ ಕಾಣುತ್ತಿತ್ತು. ಎರಡು ಪೊರಕೆ: ಒಳಗೆ ಹುಲ್ಲಿನದು, ಅಂಗಳಕ್ಕೆ ಕಡ್ಡಿಯದು. ಗ್ಯಾರಂಟಿ ಕಾರ್ಡಿಲ್ಲ, ಮಾಡೆಲ್ ನಂಬರಿಲ್ಲ. ಆದರೆ ಅವಕ್ಕಿದ್ದಷ್ಟು ಕಟ್ಟುಪಾಡು ರಾಜಕುಮಾರಿಗೂ ಇರಲಿಕ್ಕಿಲ್ಲ. ಪೊರಕೆ ತುಳಿಯಬಾರದು. ನೆಟ್ಟಗೆ ನಿಲ್ಲಿಸಬಾರದು. ಬಂದವರ ಕಣ್ಣಿಗೆ ಬೀಳಬಾರದು. ಯಾರಾದರೂ ಊರಿಗೆ ಹೊರಟ ಬೆನ್ನಲ್ಲೇ ಗುಡಿಸಬಾರದು. ಎಲ್ಲಕ್ಕಿಂತ ಮುಖ್ಯ, ಸಂಜೆ ದೀಪ ಹಚ್ಚಿದ ಮೇಲೆ ಗುಡಿಸಬಾರದು, ಲಕ್ಷ್ಮಿ ಕಸದ ಜೊತೆ ಹೊರಟುಹೋಗುತ್ತಾಳೆ. ಒಂದು ಸಂಜೆ ನಾನು ಗಾಜಿನ ಬಳೆ ಒಡೆದು ಚೂರು ಮಾಡಿ ಕೂತಾಗ ಅಜ್ಜಿ ಅದಕ್ಕೂ ದಾರಿ ತೋರಿಸಿದ್ದರು. "ಗುಡಿಸಿ ಮೂಲೆಗೆ ಸೇರಿಸು, ಮೇಲೆ ಮೊರ ಮುಚ್ಚು. ಬೆಳಿಗ್ಗೆ ಎತ್ತಿ ಹಾಕಿದ್ರಾಯ್ತು. ಹೊರಗೆ ಹಾಕಿದ್ರೆ ತಾನೇ ಲಕ್ಷ್ಮಿ ಹೋಗೋದು? ಮೂಲೇಲಿದ್ರೆ ಇಲ್ಲೇ ಇರ್ತಾಳೆ." ನಮ್ಮ ಹಿರಿಯರು ನಿಯಮ ಮಾಡುವಾಗಲೇ ಅದಕ್ಕೊಂದು ಹಿಂಬಾಗಿಲನ್ನೂ ಇಟ್ಟಿದ್ದರು ಅಂತ ಅವತ್ತೇ ಗೊತ್ತಾಯಿತು.

ಇನ್ನು ಆಕ್ಲೆಂಡಿನ ಸೂರ್ಯನಿಗೆ ನಮ್ಮ ಶಾಸ್ತ್ರ ಗೊತ್ತಿಲ್ಲ. ಬೇಸಿಗೆಯಲ್ಲಿ ಊಟ ಮುಗಿದು ಪಾತ್ರೆ ತೊಳೆದರೂ ಮುಳುಗುವುದಿಲ್ಲ. ದೀಪ ಹಚ್ಚಲು ಬತ್ತಿ ಹಿಡಿದು ಕಿಟಕಿಯಲ್ಲಿ ಕಾಯಬೇಕು. ಚಳಿಗಾಲದಲ್ಲಿ ಮಗಳು ಸ್ಕೂಲಿನಿಂದ ಬಂದು ಬಿಸ್ಕತ್ತಿನ ಪುಡಿ ಚೆಲ್ಲಿ ಮುಗಿಸುವುದರೊಳಗೆ ಮುಳುಗಿಬಿಡುತ್ತಾನೆ. ಇಡೀ ಚಳಿಗಾಲ ಬಿಸ್ಕತ್ತಿನ ಪುಡಿಯ ಮೇಲೆ ಮೊರ ಮುಚ್ಚಿಕೊಂಡು ಕೂರಲಾಗುತ್ತದೆಯೇ?

ಇರಲಿ. ವ್ಯಾಕ್ಯೂಮು ಸತ್ತ ದಿನದಿಂದ ನಮ್ಮ ಯಜಮಾನರ ಸಂಶೋಧನೆ ಆರಂಭವಾಯಿತು. ಅವರು ಎಂಜಿನಿಯರು. ಎಂಜಿನಿಯರುಗಳು ಅಂಗಡಿಗೆ ಹೋಗಿ ವಸ್ತು ತರುವುದಿಲ್ಲ. ಮೊದಲು ಅದರ ಮೇಲೆ ಡಾಕ್ಟರೇಟ್ ಮಾಡುತ್ತಾರೆ. ರಾತ್ರಿ ಊಟದ ತಟ್ಟೆಯ ಪಕ್ಕ ಲ್ಯಾಪ್‌ಟಾಪು. ಯಾರೋ ಪುಣ್ಯಾತ್ಮರು ಯಾವುದೋ ದೇಶದಲ್ಲಿ ಕೂತು ಕಾರ್ಪೆಟ್ಟಿನ ಮೇಲೆ ಹಿಟ್ಟು ಚೆಲ್ಲಿ ಎಳೆದು ತೋರಿಸುವ ವಿಡಿಯೋ. ನಾನು ಹಿಟ್ಟು ಚೆಲ್ಲಿದರೆ ಮಾತ್ರ "ನೋಡಿಕೊಂಡು ಮಾಡಬಾರದಾ" ಅನ್ನುವ ಮನುಷ್ಯ, ಆ ಚೆಲ್ಲುವಿಕೆಯನ್ನು ಭಕ್ತಿಯಿಂದ ನೋಡುತ್ತಿದ್ದರು.

"ಸಕ್ಷನ್ ಮುಖ್ಯ ಅಲ್ಲ ಸುಮಾ, ಏರ್‌ಫ್ಲೋ ಮುಖ್ಯ."

"ಸಾರು ಮುಖ್ಯ. ಆರಿಹೋಗ್ತಾ ಇದೆ."

ಮಗಳು ಅದಿತಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಅವಳು ತಲೆ ಎತ್ತದೆ, "ಡ್ಯಾಡ್, ಜಸ್ಟ್ ಗೆಟ್ ಎ ರೋಬೋಟ್," ಎಂದಳು. ರೋಬೋಟಿನ ಕತೆ ನನಗೆ ಗೊತ್ತಿತ್ತು. ಪಕ್ಕದ ಬೀದಿಯ ವಸಂತಾ ಅಂಥದ್ದೊಂದು ತಂದಿದ್ದಳು. "ನಮ್ಮನೆಯವರಿಗಿಂತ ಇದಕ್ಕೇ ದೈವಭಕ್ತಿ ಜಾಸ್ತಿ ಕಣ್ರೀ, ದಿನಾ ದೇವರಿಗೆ ಪ್ರದಕ್ಷಿಣೆ ಹಾಕುತ್ತೆ," ಅಂತ ಬೀಗುತ್ತಿದ್ದಳು. ಒಂದು ಶುಕ್ರವಾರ ಅದು ದೇವರ ಮುಂದೆ ಬಿದ್ದಿದ್ದ ಎಣ್ಣೆಯ ಹೂಬತ್ತಿಯನ್ನು ಕಚ್ಚಿಕೊಂಡು ಪ್ರದಕ್ಷಿಣೆ ಮುಂದುವರಿಸಿತು. ಬೆಳ್ಳನೆಯ ಕಾರ್ಪೆಟ್ಟಿನ ಮೇಲೆ ಎಳ್ಳೆಣ್ಣೆಯ ಮಂಡಲ. ಈಗ ಅದರ ಮೇಲೆ ಜಮಖಾನ ಹಾಸಿದ್ದಾಳೆ. ನಾವು ಹೋದಾಗಲೆಲ್ಲ ಅದರ ಮೇಲೇ ಕೂರಿಸುತ್ತಾಳೆ, ಏಳಲು ಬಿಡುವುದಿಲ್ಲ.

ಈಸ್ಟರ್ ಸೇಲಿನ ದಿನ, ಡಾಕ್ಟರೇಟ್ ಮುಗಿಯದಿದ್ದರೂ, ಸತ್ತ ವ್ಯಾಕ್ಯೂಮನ್ನು ಕಾರಿನ ಡಿಕ್ಕಿಯಲ್ಲಿ ಮಲಗಿಸಿಕೊಂಡು ಅಂಗಡಿಗೆ ಹೋದೆವು. ಅದಕ್ಕಿನ್ನೂ ಗ್ಯಾರಂಟಿ ಇತ್ತು. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಐದು ವರ್ಷ ಅಂತ ಬರೆದಿದ್ದನ್ನು ನೋಡಿಯೇ, ಅತ್ತೆ ಮೊದಲ ಸಲ ಬರುವ ಮುಂಚೆ ತಂದಿದ್ದೆವು. ನಮ್ಮತ್ತೆಯದು ಒಂದು ಅಭ್ಯಾಸ. ಯಾವ ವಸ್ತು ಕಂಡರೂ ಬೆರಳ ಗೆಣ್ಣಿನಿಂದ ತಟ್ಟಿ, "ಬಾಳಿಕೆ ಬರುತ್ತಾ?" ಅನ್ನುತ್ತಾರೆ. ಕೊಡ, ಕುರ್ಚಿ, ಬಾಗಿಲು ಏನೇ ಇರಲಿ. ನನ್ನನ್ನು ನೋಡಲು ಬಂದಾಗ ತಟ್ಟಲಿಲ್ಲ, ದೇವರು ದೊಡ್ಡವನು, "ಹುಡುಗಿ ಬಲು ಸಣ್ಣ, ಬಾಳಿಕೆ..." ಅಂತ ಶುರುಮಾಡಿ, ನಮ್ಮಪ್ಪನ ಮುಖ ನೋಡಿ, "ಬಾಳ್ತಾಳೆ ಬಿಡಿ" ಅಂತ ತಿದ್ದಿಕೊಂಡರಂತೆ. ಈ ಯಂತ್ರವನ್ನೂ ಅವರು ತಟ್ಟಿ ಪಾಸು ಮಾಡಿದ್ದರು.

ಅಂಗಡಿಯ ಹುಡುಗ ಉದ್ದಕ್ಕೆ, ಕೆಂಚಗಿದ್ದ. ಯಂತ್ರದ ಹೊಟ್ಟೆ ಬಿಚ್ಚಿ ಫಿಲ್ಟರು ಎಳೆದ. ಅದು ಫಿಲ್ಟರಿನ ಹಾಗೆ ಇರಲಿಲ್ಲ, ಒಣಗಿದ ಸಿಮೆಂಟಿನ ಇಟ್ಟಿಗೆಯ ಹಾಗಿತ್ತು. ಮೇಜಿಗೆ ಕುಟ್ಟಿದರೆ ಬೆಳ್ಳಗೆ ಹೊಗೆಯೆದ್ದಿತು. ಅವನು ಎರಡು ಸಲ ಸೀನಿ, ಮರ್ಯಾದೆಯಿಂದಲೇ ಕೇಳಿದ: ಮನೆ ರಿಪೇರಿ ಮಾಡಿಸ್ತಿದ್ದೀರಾ? ಗೋಡೆಗೆ ಪ್ಲಾಸ್ಟರು ಉಜ್ಜೋ ಕೆಲಸ?

"ನೋ ನೋ, ಹೋಮ್ ಯೂಸ್ ಓನ್ಲಿ," ಎಂದರು ಇವರು.

ಹುಡುಗ ಇವರ ಅಂಗೈಯನ್ನು ನೋಡಿದ. ಲ್ಯಾಪ್‌ಟಾಪಿಗಿಂತ ಭಾರದ್ದನ್ನು ಎತ್ತಿದ ಗುರುತಿರಲಿಲ್ಲ. ಆದರೂ ನಂಬಲಿಲ್ಲ. ಪ್ಲಾಸ್ಟರಿನ ಧೂಳು ಬಲು ನುಣ್ಣಗಿರುತ್ತದೆ, ಮನೆಯ ಮಿಷನ್ನು ತಡೆಯುವುದಿಲ್ಲ, ಫಿಲ್ಟರನ್ನೂ ದಾಟಿ ಹಿಂದಿನಿಂದ ಪೂರ್ತಿ ರೂಮಿಗೆ ಊದಿಬಿಡುತ್ತದೆ, ಇದಕ್ಕೆಲ್ಲ ಗ್ಯಾರಂಟಿ ಬರುವುದಿಲ್ಲ, "ಸಾರಿ, ಮೇಟ್" ಎಂದ. ಇವರು ಕನ್ಸ್ಯೂಮರ್ ಕಾನೂನು ಅಂತ ಏನೋ ಶುರುಮಾಡಿದರು. ನಾನು ಮೇಜಿನ ಮೇಲಿನ ಪುಡಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಚಿಟಿಕೆ ಹಿಡಿದೆ. ಮೂರು ವರ್ಷದ ಮಗುವಿದ್ದಾಗಿಂದ ಆ ಚಿಟಿಕೆ ಹಿಡಿದ ಕೈ ಇದು. ಬೆರಳು ಸಡಿಲಿಸಿದರೆ ತಾನಾಗಿ ಎಳೆ ಬಿತ್ತು.

"ರೀ," ಎಂದೆ. "ಸ್ವಲ್ಪ ಸುಮ್ನಿರಿ. ಇದು ಪ್ಲಾಸ್ಟರಲ್ಲ. ನಿಮ್ಮಮ್ಮನ ರಂಗೋಲಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅತ್ತೆ ಬರುವವರೆಗೆ ನಾನು ರಂಗೋಲಿ ಹಾಕುತ್ತಿದ್ದುದು ಹೊರಗೆ, ಬಾಗಿಲ ಮುಂದಿನ ಕಾಂಕ್ರೀಟಿನ ಮೇಲೆ. ಅವರು ಬಂದದ್ದು ಚಳಿಗಾಲದಲ್ಲಿ. ಹೊರಗೆ ಬಗ್ಗಿದರೆ ಗಾಳಿ ರಂಗೋಲಿಯ ಜೊತೆ ಅವರನ್ನೂ ಹೊತ್ತುಕೊಂಡು ಹೋಗುವ ಹಾಗಿತ್ತು. ಆದ್ದರಿಂದ ಒಳಗೆ, ದೇವರ ಗೂಡಿನ ಮುಂದೆ, ಕಾರ್ಪೆಟ್ಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಶುರುಮಾಡಿದರು. ಊರಿನಿಂದ ಕಟ್ಟಿಕೊಂಡು ಬಂದ ಅಸಲಿ ಕಲ್ಲುಪುಡಿ. ಮಾರನೆ ದಿನ ಅಳಿಸಲು ವ್ಯಾಕ್ಯೂಮು. ಅದನ್ನೂ ಅವರೇ ಮಾಡುವರು. "ಬಗ್ಗೋ ಹಾಗಿಲ್ಲ, ಏಳೋ ಹಾಗಿಲ್ಲ, ಒಳ್ಳೆ ಐರಾವತದ ಸೊಂಡಿಲು ಕಣೇ ಇದು," ಅಂತ ಒಂದು ಗುಕ್ಕಿಗೆ ರಂಗೋಲಿ ನುಂಗಿಸಿ, ಪಕ್ಕದಲ್ಲೇ ಕೂತು ಕಣ್ಮುಚ್ಚಿ ಜಪ. ಐರಾವತ ಮುಂದಿನಿಂದ ನುಂಗಿದ್ದನ್ನು ಹಿಂದಿನಿಂದ ಊದುತ್ತಿತ್ತು. ಅತ್ತೆ ಪ್ರಾಣಾಯಾಮ ಸಮೇತ ಅದನ್ನು ಒಳಗೆಳೆದುಕೊಳ್ಳುತ್ತಿದ್ದರು. ಕಾರ್ಪೆಟ್ಟು ನಿರಪರಾಧಿ. ಸೊಸೆಯೂ.

ಸಂತೋಷಪಡಬೇಕಿತ್ತು, ಅಲ್ಲವೇ? ಎರಡು ವರ್ಷದ ಅಪವಾದ ಅಂಗಡಿಯ ಮೇಜಿನ ಮೇಲೆ ಕೊಡವಿಕೊಂಡು ಹೋಯಿತು. ಆದರೆ ಬಿಡುಗಡೆಯಾದ ಖೈದಿಗೆ, ಜಡ್ಜರ ಮುಂದೆಯೇ ಹೋಗಿ "ಕಳ್ಳರು ನೀವೇ ಸ್ವಾಮಿ" ಅನ್ನು ಎಂದರೆ ಹೇಗಿರುತ್ತದೆ? ಹೇಳದಿದ್ದರೆ ಅತ್ತೆ ಮತ್ತೆ ಪುಡಿ ಹಿಡಿದು ಕೂರುತ್ತಾರೆ, ಮತ್ತೆ ಉಬ್ಬಸ. ಆ ಕುಯ್ಯ್ ಸದ್ದನ್ನು ಇನ್ನೊಂದು ಸಲ ಕೇಳಲು ನಾನು ತಯಾರಿರಲಿಲ್ಲ. ಜಗಳ ಬೇರೆ, ಉಸಿರು ಬೇರೆ.

"ನೀವೇ ಹೇಳಿ ನಿಮ್ಮಮ್ಮಂಗೆ."

"ನಾನಾ? ರಂಗೋಲಿ ಹೆಂಗಸರ ವಿಷಯ. ನಾನು ಹೇಳಿದ್ರೆ ಚೆನ್ನಾಗಿರಲ್ಲ."

ಏರ್‌ಫ್ಲೋ ಗಂಡಸರ ವಿಷಯ, ಅದು ಯಾರ ಮೂಗಿಗೆ ಹೋಯಿತು ಅನ್ನುವುದು ಹೆಂಗಸರ ವಿಷಯ.

ಹೊಸದನ್ನು ಆರಿಸುವ ಸರದಿ ಬಂತು. ಹುಡುಗ ಒಂದು ಬಣ್ಣಬಣ್ಣದ ಯಂತ್ರ ತೋರಿಸಿದ. ಇದಕ್ಕೆ ಚೀಲವೇ ಬೇಡ, ಪಾರದರ್ಶಕ ಡಬ್ಬಿ, ಕೆಲಸ ಮುಗಿದ ತಕ್ಷಣ ಗುಂಡಿ ಒತ್ತಿ ಹೊರಗಿನ ತೊಟ್ಟಿಗೆ ಸುರಿಯಬೇಕು, ಎಲ್ಲರೂ ಇದನ್ನೇ ಒಯ್ಯುತ್ತಾರೆ ಎಂದ. ಪಕ್ಕದಲ್ಲಿ ಇನ್ನೊಂದಿತ್ತು: ಬೂದುಬಣ್ಣ, ಗುಂಡಗೆ, ಸಂಸಾರಸ್ಥೆಯ ಹಾಗೆ. ಅದಕ್ಕೆ ಒಳಗೆ ಬಟ್ಟೆಯ ಚೀಲ.

ನಾನು ಕೇಳಿದೆ: "ಸಂಜೆ ಗುಡಿಸಿದರೆ ಇದರ ಕಸ ಬೆಳಗಾಗುವವರೆಗೆ ಒಳಗೇ ಇರುತ್ತಾ?"

ಹುಡುಗ ಗೊಂದಲಗೊಂಡ. ಬೆಳಗಾಗುವವರೆಗೆ ಯಾಕೆ, ಚೀಲ ತುಂಬುವವರೆಗೆ ತಿಂಗಳುಗಟ್ಟಲೆ ಒಳಗೇ ಇರುತ್ತೆ, ಚೀಲದ ಬಾಯಿ ತಾನೇ ಮುಚ್ಚಿಕೊಳ್ಳುತ್ತೆ, ಒಂದು ಕಣ ಹೊರಗೆ ಬರಲ್ಲ, ಉಬ್ಬಸ ಇರುವವರಿಗೆ ಇದೇ ಒಳ್ಳೆಯದು, ಆದರೆ ಕೆಲವರಿಗೆ ಕಸ ಮನೆಯಲ್ಲಿ ಇಟ್ಟುಕೊಳ್ಳೋದು ಇಷ್ಟ ಆಗಲ್ಲ ಎಂದ.

ನನಗೆ ರೋಮಾಂಚನವಾಯಿತು. ನಂಜುಂಡೇಶ್ವರ ವಿಷ ನುಂಗಿದ. ಒಳಗೂ ಬಿಡಲಿಲ್ಲ, ಹೊರಗೂ ಬಿಡಲಿಲ್ಲ, ಕಂಠದಲ್ಲೇ ಇಟ್ಟುಕೊಂಡ. ನನ್ನ ತವರಿನ ದೇವರು ಈಸ್ಟರ್ ಸೇಲಿನಲ್ಲಿ ಬೂದಿ ಬಣ್ಣ ಬಳಿದುಕೊಂಡು ಕೂತಿದ್ದಾನೆ! ದೀಪ ಹಚ್ಚಿದ ಮೇಲೂ ಗುಡಿಸಬಹುದು, ಕಸ ಹೊರಗೆ ಹೋಗುವುದಿಲ್ಲ, ಲಕ್ಷ್ಮಿ ಚೀಲದಲ್ಲಿ ಕ್ಷೇಮ.

"ಇದೇ," ಎಂದೆ.

"ಅಲ್ಲ ಸುಮಾ, ಇದರ ವಾಟ್ಸ್ ನೋಡದೇನೇ..."

"ನಮ್ಮಜ್ಜಿ ಪಾಸು ಮಾಡಿದಾರೆ."

ನಮ್ಮಜ್ಜಿ ತೀರಿಕೊಂಡು ಯಾವ ಕಾಲವಾಯಿತೋ. ಇವರು ಪಾಪ, ಡಬ್ಬಿ ಎತ್ತಿಕೊಂಡು ದುಡ್ಡು ಕಟ್ಟಲು ನಡೆದರು. ಮನೆಗೆ ಬಂದು ತಾವೇ ಇಂಟರ್ನೆಟ್ ನೋಡಿ, "ಚೀಲದ್ದೇ ಹೆಚ್ಚು ದಿನ ಬರುತ್ತಂತೆ, ನಾನು ಹೇಳಿರಲಿಲ್ವಾ?" ಎಂದರು. ಹೇಳಿದ್ದಿರಿ, ಹೇಳಿದ್ದಿರಿ.

ಅತ್ತೆ ಬಂದರು. ಏರ್‌ಪೋರ್ಟಿನ ಬಾಗಿಲಿನಿಂದ ಹೊರಬಂದವರೇ ಚೀಲ ತಟ್ಟಿ ತೋರಿಸಿದರು.

"ನೋಡೇ ಸುಮಾ, ದಪ್ಪ ದಪ್ಪ ಎರಡು ಪ್ಯಾಕೆಟ್ಟು ರಂಗೋಲಿ ತಂದಿದೀನಿ! ಆ ಆಫೀಸರ್ ಹಿಡ್ಕೊಂಡುಬಿಟ್ಟಿದ್ದ. ಬಿಳೀ ಪುಡಿ ಏನು ಅಂತ. ನನಗೆಲ್ಲಿ ಬರುತ್ತೆ ಇಂಗ್ಲಿಷು? ಅವನ ಸ್ಟೀಲ್ ಮೇಜಿನ ಮೇಲೇ ಒಂದು ಪದ್ಮ ಬರೆದು ತೋರಿಸ್ದೆ. ಇನ್ನೊಬ್ಬಳು ಬಂದ್ಲು, 'ಬ್ಯೂಟಿಫುಲ್' ಅಂದ್ಲು. ಬಿಟ್ರು."

ಬಿಸ್ಕತ್ತಿನ ಚೂರನ್ನೂ ಒಳಗೆ ಬಿಡದ ದೇಶ ಇದು. ಹಿಡಿಯಬೇಕಾದ್ದನ್ನು ಒಂದೇ ಒಂದು ಸಲ ಹಿಡಿಯದೆ ಬಿಟ್ಟಿತು.

ಮನೆಗೆ ಬಂದು ಸ್ನಾನ ಮಾಡಿದವರೇ ಆಫೀಸರು ಮತ್ತೆ ಟೇಪು ಸುತ್ತಿ ಕೊಟ್ಟಿದ್ದ ಪ್ಯಾಕೆಟ್ಟು ಬಿಚ್ಚಲು ಕತ್ತರಿ ಕೇಳಿದರು. ನಾನು ಇವರ ಮುಖ ನೋಡಿದೆ. ಕಾರಿಗೆ ಪೆಟ್ರೋಲು ಹಾಕಿಸಬೇಕೆಂದು ಅದೇ ಕ್ಷಣದಲ್ಲಿ ಇವರಿಗೆ ಹೊಳೆಯಿತು. ಬಾಗಿಲು ಮುಚ್ಚಿಕೊಂಡಿತು. ನಂಜುಂಡನನ್ನು ನೆನೆದು ಕತ್ತರಿಯನ್ನು ಸೆರಗಿನಲ್ಲೇ ಹಿಡಿದುಕೊಂಡು ಕೂತೆ.

"ಅತ್ತೆ, ಒಂದ್ಮಾತು. ಬೇಜಾರು ಮಾಡ್ಕೋಬಾರದು."

"ಬೇಜಾರಾಗೋ ಮಾತಿಗೇ ಎಲ್ರೂ ಹಾಗೆ ಶುರುಮಾಡೋದು. ಹೇಳು."

ಹೇಳಿದೆ. ಫಿಲ್ಟರು, ಇಟ್ಟಿಗೆ, ಪ್ಲಾಸ್ಟರಿನ ಹುಡುಗ, ಹಿಂದಿನಿಂದ ಊದಿದ್ದು, ಜಪ ಎಲ್ಲ. ಅತ್ತೆ ಪ್ಯಾಕೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು.

"ಅಂದ್ರೆ," ಎಂದರು ಕೊನೆಗೆ, "ಹೋದ ಸಲ ನನ್ನ ಊರಿಗೆ ಓಡಿಸಿದ್ದು ನಾನೇ ಅನ್ನು."

"ಹಾಗಲ್ಲ ಅತ್ತೆ..."

"ಹಾಗೇನೇ. ಮತ್ತೆ ಅಲ್ಲೆಲ್ಲ ನಿನ್ನ ಮನೆ ಧೂಳು ಅಂತ ಮಾತಾಯ್ತಲ್ಲೇ?"

"ಆಯ್ತು."

"ನಿನ್ನ ಕಿವಿಗೂ ಬಿತ್ತಾ?"

"ಹಿಮ್ಮಡಿವರೆಗೂ ಬಂತು."

ಅತ್ತೆ ಗಟ್ಟಿಯಾಗಿ ನಗಲಿಲ್ಲ, ತುಟಿ ಮಾತ್ರ ಒಂದು ಕಡೆಗೆ ಎಳೆದರು. ಪ್ಯಾಕೆಟ್ಟನ್ನು ನನ್ನ ಕೈಗೆ ಕೊಟ್ಟು, "ಹೊರಗಡೆ ಗರಾಜಿನಲ್ಲಿಡು. ಒಂದು ಹಿಡಿ ಅಕ್ಕಿ ನೆನೆಹಾಕು. ನುಣ್ಣಗೆ ಅರೆದು ಮಣೆ ಮೇಲೆ ಹಸಿಹಿಟ್ಟಲ್ಲಿ ಬರೆಯೋಣ. ಒಣಗಿದ್ಮೇಲೆ ಒದ್ದೆಬಟ್ಟೇಲಿ ಒರೆಸಿದ್ರೆ ಆಯ್ತು. ಇದು ನನಗೆ ಆಗ್ಲೇ ಹೊಳೀಬೇಕಿತ್ತು. ನಿನಗೂ ಹೊಳೀಬೇಕಿತ್ತು," ಎಂದರು. ಪೂರ್ತಿ ಸೋಲನ್ನು ಒಬ್ಬರೇ ಹೊತ್ತುಕೊಂಡರೆ ಅವರು ಅತ್ತೆ ಹೇಗಾದಾರು?

ಸಂಜೆ ವಿಜಯನಗರದ ತಂಗಿಗೆ ಫೋನು. ನಾನು ಅಡುಗೆಮನೆಯಲ್ಲಿ ಒಲೆಯ ಉರಿ ಸಣ್ಣ ಮಾಡಿ ಕಿವಿಯಿಟ್ಟೆ.

"ಅಯ್ಯೋ, ಸುಮಾ ಮನೆ ಕನ್ನಡಿ ಕಣೇ! ಹೋದ ಸಲ ತಪ್ಪೆಲ್ಲ ಆ ದರಿದ್ರ ಮಿಷನ್ನಿಂದು. ಮುಂದಿನಿಂದ ತಿಂದು ಹಿಂದಿನಿಂದ ಕಾರ್ತಿತ್ತಂತೆ. ಮೂರು ಕಾಸಿನ ಮಾಲು. ಹ್ಞೂ, ನಾನೇ ಕಂಡುಹಿಡಿದೆ."

ರಂಗೋಲಿಯ ಮಾತಿಲ್ಲ. ಸೊಸೆ ಖುಲಾಸೆ, ಅತ್ತೆ ಖುಲಾಸೆ, ಕಾರ್ಪೆಟ್ಟೂ ಖುಲಾಸೆ. ತಿರುಗಿ ಮಾತಾಡಲಾಗದ ಒಂದು ಪ್ರಾಣಿಯ ಮೇಲೆ ಎಲ್ಲರ ಪಾಪವೂ ಹೋಗಿ ಕೂತಿತು. ಸತ್ತ ಮೇಲೂ ಅಷ್ಟು ಉಪಯೋಗಕ್ಕೆ ಬಂದ ಯಂತ್ರ ಇನ್ನೊಂದಿರಲಿಕ್ಕಿಲ್ಲ. "ನಾನೇ ಕಂಡುಹಿಡಿದೆ" ಅನ್ನುವುದಕ್ಕೂ ನಾನು ತಕರಾರು ಮಾಡಲಿಲ್ಲ. ಕೊಟ್ಟಷ್ಟನ್ನು ಕಣ್ಣಿಗೊತ್ತಿಕೊಳ್ಳಬೇಕು.

ಆದರೆ ಫೋನಿನಲ್ಲಿ ಗೆದ್ದರೆ ಸಾಲದಲ್ಲ, ಎದೆಯಲ್ಲಿ ಗೆಲ್ಲಬೇಕು. ಮೊದಲ ವಾರ ದಾಟಿತು. ಹೋದ ಸಲ ಶುರುವಾಗಿದ್ದ ಎರಡನೇ ವಾರ ಬಂತು. ಆ ವಾರ ನಾನು ಮನೆಗೆಲಸ ಮಾಡಿದ್ದಕ್ಕಿಂತ ಅವರ ಬೆನ್ನ ಹಿಂದೆ ನಿಂತು ಕೇಳಿಸಿಕೊಂಡಿದ್ದೇ ಹೆಚ್ಚು. "ಏನೇ, ಬೇಹುಗಾರಿಕೆ ಮಾಡ್ತೀಯ?" ಅಂತ ಬೈಸಿಕೊಂಡದ್ದೂ ಆಯಿತು.

ಒಂದು ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಕೋಣೆಯಲ್ಲಿ ಮಲಗಿದ್ದರು. ಹೊರಗೆ ಚಳಿ, ಕಿಟಕಿ ಮುಚ್ಚಿತ್ತು. ಒಳಗಿನಿಂದ ಸದ್ದು ಬಂದ ಹಾಗಾಯಿತು. ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡಿದೆ. ಬಾಗಿಲಿಗೆ ಕಿವಿಯಿಟ್ಟೆ. ಕುಯ್ಯ್ ಇಲ್ಲ. ಗೊರಕೆ. ಏರುತ್ತಾ ಹೋಗಿ, ತುದಿಯಲ್ಲಿ ಒಂದು ಕ್ಷಣ ನಿಂತು, ದಡದಡ ಇಳಿದುಬರುವ, ಎದೆ ತುಂಬ ಗಾಳಿಯಿರುವವರು ಮಾತ್ರ ಹೊಡೆಯಬಲ್ಲ ಗೊರಕೆ. ಇಂಥ ಗೊರಕೆಗೆ ಜನ ಸಂಸಾರವನ್ನೇ ಬೇರೆ ಕೋಣೆಗೆ ಸಾಗಿಸುತ್ತಾರಂತೆ. ನಾನು ಮಾತ್ರ ಗೋಡೆಗೆ ಒರಗಿ, ಕಚೇರಿ ಕೇಳುವವರ ಹಾಗೆ, ಪೂರ್ತಿ ಒಂದು ಆವರ್ತ ಕೇಳಿದೆ. ಕಣ್ಣಲ್ಲಿ ಯಾಕೆ ನೀರು ಬಂತೋ ಗೊತ್ತಿಲ್ಲ. ಕೈ ಮುಗಿದೆ. ಯಾರಿಗೆ ಅಂತ ಸ್ಪಷ್ಟವಾಗಿ ನಿರ್ಧರಿಸಿರಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯ ಕಿಟಕಿಗೆ ಟಪಟಪ ಹನಿ ಬಿತ್ತು. ಹಗ್ಗದ ಮೇಲೆ ಅತ್ತೆಯ ಸೀರೆ, ಅದಿತಿಯ ಯೂನಿಫಾರ್ಮು. ಬುಟ್ಟಿ ಎತ್ತಿಕೊಂಡು, ಬಾಗಿಲನ್ನು ಸದ್ದಾಗದ ಹಾಗೆ ಎಳೆದು, ಬಟ್ಟೆ ತೆಗೆಯಲು ಹಿತ್ತಲಿಗೆ ಓಡಿದೆ.